ಯಾವ ಕೈ ಎಂದು ಕೇಳಿದರು

ಮೇಲಿನ ಕೋರ್ಟಿನ ಒಳಗೆ, ಇಬ್ಬರು ಜಡ್ಜುಗಳ ಕಣ್ಣೆದುರಿಗೆ, ಕರಿಕೋಟಿನ ವಕೀಲನ ಕೊರಳಪಟ್ಟಿ ಹಿಡಿದು ಕಪಾಳಕ್ಕೆ ಬಾರಿಸಿದ ಗಂಡು ಯಾರು ಗೊತ್ತಾ ನಿಮಗೆ? ನಾನೇ. ದೀಪು. ರಾಜಗೋಪಾಲನಗರ, ಮೂರನೇ ಕ್ರಾಸು. ಕೈಯಲ್ಲಿ ಏನಾದರೂ ಹಿಡಿದುಕೊಂಡಿದ್ದರೆ ಕೆಳಗಿಡಿ. ಚಪ್ಪಾಳೆ ಹೊಡೆಯಬೇಕಾಗುತ್ತದೆ.

ಒಂದೇ ಏಟು. ಅವನ ಕನ್ನಡಕ ಹಾರಿ ಟೈಪಿಸ್ಟ್ ಮೇಡಂ ಮೇಜಿನ ಮೇಲೆ ಬಿತ್ತು. ಕೊರಳಿನ ಬಿಳಿ ಪಟ್ಟಿ ಕಿತ್ತು ನನ್ನ ಕೈಗೆ ಬಂತು. ತುಟಿ ಒಡೆದು ರಕ್ತ ಅವನ ಫೈಲಿನ ಮೇಲೆ ಸುರಿಯಿತು. ನಾಲ್ಕು ಜನ ಪೊಲೀಸರು ಓಡಿಬಂದರು. ನಾನು ತಿರುಗಿಯೂ ನೋಡಲಿಲ್ಲ. "ನಿನ್ ಬಾಯಿ ಬಾಡಿಗೇದು ಕಣೋ, ನನ್ ಕೈ ಸ್ವಂತದ್ದು" ಎಂದು ಡೈಲಾಗ್ ಬಿಟ್ಟು ನಡೆದುಬಂದೆ. ಸ್ಲೋ ಮೋಷನ್ನಿನಲ್ಲಿ. ಈ ಸೀನನ್ನು ನಮ್ಮ ಏರಿಯಾದ ಟೀ ಅಂಗಡಿಯಲ್ಲಿ ಹನ್ನೊಂದು ಸಲ ಹೇಳಿದ್ದೇನೆ. ಹನ್ನೊಂದು ಸಲವೂ ವಿಷಲ್ ಬಿದ್ದಿದೆ.

ಏಟು ಯಾಕೆ ಬಿತ್ತು ಅಂತ ತಿಳಿಯಬೇಕಾದರೆ ಬಸಲಿಂಗನ ಬಲಗೈ ಕಥೆ ಕೇಳಬೇಕು.

ಬಸಲಿಂಗ ಸುರಪುರದ ಕಡೆಯವನು. ಪೀಣ್ಯದ ಒಳಗಲ್ಲಿಯೊಂದರಲ್ಲಿ ನಾವಿಬ್ಬರೂ ಒಂದೇ ಶೆಡ್ಡಿನಲ್ಲಿ ಪವರ್ ಪ್ರೆಸ್ ಓಡಿಸುತ್ತಿದ್ದೆವು. ಕೆಲಸ ಸುಲಭ. ಎಡಗೈಯಲ್ಲಿ ತಗಡು ಇಡು. ಪೆಡಲ್ ತುಳಿ. ಮೇಲಿನಿಂದ ಇಪ್ಪತ್ತು ಟನ್ ಬೀಳುತ್ತದೆ. ಬಲಗೈಯಲ್ಲಿ ಬಿಲ್ಲೆ ತೆಗೆ. ಮತ್ತೆ ತಗಡು. ನಿಮಿಷಕ್ಕೆ ಇಪ್ಪತ್ತೆರಡು ಸಲ. ಹನ್ನೆರಡು ಗಂಟೆ. ಕೈ ಒಳಗಿದ್ದಾಗ ಮಷೀನು ಬೀಳದ ಹಾಗೆ ಮುಂದೆ ಒಂದು ಜಾಲರಿ ಇರಬೇಕು. ಅದನ್ನು ಸೂಪರ್‌ವೈಸರ್ ಹನುಮಂತಯ್ಯ ಬಿಚ್ಚಿ ಮೂಲೆಗೆ ಹಾಕಿದ್ದ. ಜಾಲರಿ ಇದ್ದರೆ ಇಪ್ಪತ್ತೆರಡು ಆಗುವುದಿಲ್ಲ, ಹದಿನಾರೇ ಆಗುತ್ತದೆ.

ಒಂದು ಮಂಗಳವಾರ ಮಧ್ಯಾಹ್ನ ಬಸಲಿಂಗನ ನಾಲ್ಕು ಬೆರಳು ಬಿಲ್ಲೆಯ ಜೊತೆ ಒಳಗೇ ಉಳಿದವು. ಅವನು ಕೂಗಲಿಲ್ಲ. ಕೈ ಎತ್ತಿ ನೋಡಿಕೊಂಡ. ಹೆಬ್ಬೆರಳು ಮಾತ್ರ ನಿಂತಿತ್ತು. ರಕ್ತ ನನ್ನ ಮುಖಕ್ಕೆ ಹಾರಿತು, ಬೆಚ್ಚಗಿತ್ತು. ಹನುಮಂತಯ್ಯ ಓಡಿಬಂದು ಸ್ವಿಚ್ ಆಫ್ ಮಾಡಿದ. ಮೊದಲು ಬಗ್ಗಿ ಬಿಲ್ಲೆ ಕತ್ತರಿಸುವ ಉಕ್ಕಿನ ಅಚ್ಚಿಗೆ, ಅಂದರೆ ಡೈಗೆ, ಏಟು ಬಿದ್ದಿದೆಯಾ ಎಂದು ನೋಡಿದ. ಆಮೇಲೆ ಬಸಲಿಂಗನನ್ನು ನೋಡಿದ. ನಾನು ಬೆರಳುಗಳನ್ನು ಕೆರೆದು ಊಟದ ಡಬ್ಬಿಗೆ ಹಾಕಿ, ಬೇಕರಿಯಿಂದ ಐಸ್ ತುಂಬಿಸಿಕೊಂಡು ಆಸ್ಪತ್ರೆಗೆ ಹೋದೆ. ಡಾಕ್ಟರು ಮುಚ್ಚಳ ತೆಗೆದು ನೋಡಿ, "ಇದು ಬೆರಳಲ್ಲಪ್ಪ, ಕೈಮಾ" ಎಂದರು.

ಪೀಣ್ಯದಲ್ಲಿ ಬೆರಳು ಹೋದವರಿಗೆ ಒಂದು ಅಭ್ಯಾಸವಿದೆ. ಅವರು ಕೈ ಬಚ್ಚಿಡುತ್ತಾರೆ. ಪ್ಯಾಂಟಿನ ಜೇಬು, ಉದ್ದ ತೋಳಿನ ಶರ್ಟು, ಟವೆಲ್ಲು. ಯಾಕೆಂದರೆ ಕೆಲಸ ಕೇಳಲು ಹೋದರೆ ಗೇಟಿನಲ್ಲಿ ಮುಖ ನೋಡುವುದಿಲ್ಲ, "ಎಲ್ಲಿ, ಕೈ ತೋರ್ಸು" ಎನ್ನುತ್ತಾರೆ. ಬಸಲಿಂಗ ಎರಡೇ ತಿಂಗಳಲ್ಲಿ ಅದನ್ನು ಕಲಿತ. ಬಲಗೈ ಸದಾ ಹಸಿರು ಟವೆಲ್ಲಿನ ಒಳಗೆ. ಬಸ್ಸಿನಲ್ಲೂ, ಊಟಕ್ಕೂ. ನಮ್ಮ ವಠಾರದ ರೂಮಿನಲ್ಲಿ ನಾನೊಬ್ಬನೇ ಇದ್ದಾಗ ಮಾತ್ರ ಹೊರಗೆ ತೆಗೆದು ಗಾಳಿಗೆ ಹಿಡಿಯುತ್ತಿದ್ದ.

ಶೆಡ್ಡಿನಲ್ಲಿ ಅವನಿಗೆ ಗುಡಿಸುವ ಕೆಲಸ ಕೊಟ್ಟರು. ಪರಿಹಾರ ಕೇಳಿದ್ದಕ್ಕೆ ಹನುಮಂತಯ್ಯ ಒಂದು ಕಾಗದ ಮುಂದಿಟ್ಟ. ಮನೆಯಲ್ಲಿ ಬಾಗಿಲಿಗೆ ಸಿಕ್ಕಿ ಬೆರಳು ಹೋಯಿತು ಎಂದು ಅದರಲ್ಲಿ ಬರೆದಿತ್ತು. ಬಸಲಿಂಗ ಹೆಬ್ಬೆಟ್ಟು ಒತ್ತಲಿಲ್ಲ. ಒತ್ತುವವರೆಗೂ ಕಕ್ಕಸು ತೊಳೆ ಎಂದರು. ತೊಳೆದ. ಒಂದೇ ಕೈಯಲ್ಲಿ.

ಆಗ ನಾನು ಎಂಟ್ರಿ ಕೊಟ್ಟೆ.

"ಬಸಣ್ಣ, ನೀನು ಬೇಡ್ಕೋತಿದ್ದೀಯ. ಬೇಡ್ಕೊಂಡ್ರೆ ಸೈಡ್ ಆಕ್ಟರ್ ಆಗೋಗ್ತೀಯ ಗುರು. ಡೈಲಾಗ್ ಹೊಡೀಬೇಕು."

"ಏ ದೀಪ್ಯಾ, ಅದೆಲ್ಲಾ ನನಗ ಬರಂಗಿಲ್ಲೋ."

"ನಾನ್ ಕಲಿಸ್ತೀನಿ. ಎದೆ ಮುಂದೆ. ಕಣ್ಣು ಕೆಳಗೆ. ನಿಧಾನಕ್ಕೆ ಕಣ್ಣೆತ್ತು. ಈಗ ಹೇಳು. ನನ್ನ ನಾಕು ಬೆರಳಿಗೆ ನಿನ್ನ ಒಂದು ತಲೆ ಸಾಕು."

ಮೂರು ದಿನ ಊಟದ ಹೊತ್ತಿನಲ್ಲಿ ರಿಹರ್ಸಲ್ ನಡೆಯಿತು. ನಾಲ್ಕನೇ ದಿನ, ಸೋಮವಾರ, ಎಲ್ಲರೂ ಸೇರಿದ್ದಾಗ ಬಸಲಿಂಗ ಹನುಮಂತಯ್ಯನ ಎದುರು ಹೋಗಿ ನಿಂತ. ಕಣ್ಣು ಎತ್ತುವುದನ್ನು ಮರೆತ. ನೆಲ ನೋಡಿಕೊಂಡೇ, "ನನ್ನ ನಾಕು ಬೆರಳಿಗೆ ನಿನ್ನ ತಲಿ ಒಂದ ಸಾಕ್ರಿ" ಎಂದ. ಕೊನೆಗೆ 'ರೀ' ಬೇರೆ ಸೇರಿಸಿದ. ಇಡೀ ಶೆಡ್ಡು ನಕ್ಕಿತು. ಹನುಮಂತಯ್ಯನೂ ಹೊಟ್ಟೆ ಹಿಡಿದುಕೊಂಡು ನಕ್ಕ. "ಯಾವ್ ಪಿಚ್ಚರ್‌ದ್ಲಾ ಇದು?" ಎಂದು ಕೇಳಿದ. ಬಸಲಿಂಗನೂ ನಕ್ಕ. ಬೆರಳು ಹೋದ ಮೇಲೆ ಅವನು ನಕ್ಕಿದ್ದು ಅದೇ ಮೊದಲು.

ಮರುದಿನ ಮಧ್ಯಾಹ್ನ ಮೂರೂವರೆಗೆ ಹನುಮಂತಯ್ಯ ತಲೆ ಒಡೆದು ಸತ್ತ.

ನಾನು ಆಗ ಟೀ ಕುಡಿಯಲು ಹೋಗಿದ್ದೆ. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಓನರು ಶಟರ್ ಎಳೆಸಿ ನಮ್ಮನ್ನೆಲ್ಲ ಹೊರಗೆ ನಿಲ್ಲಿಸಿದ. ಒಂದು ಗಂಟೆ ಒಳಗೆ ಏನನ್ನೋ ಎಳೆಯುವ, ಬಿಚ್ಚುವ ಸದ್ದು. ಶಟರ್ ಎತ್ತಿದಾಗ ಭಾರದ ಡೈ ಎತ್ತುವ ಚೈನ್ ಪುಲ್ಲಿ ತೊಲೆಯ ಮೇಲೆ ಇರಲಿಲ್ಲ. ನೆಲದ ಮೇಲೆ ಒಂದು ಕಬ್ಬಿಣದ ರಾಡು ಇತ್ತು, ತುದಿಗೆ ರಕ್ತ. ಆಮೇಲೆ ಪೊಲೀಸರು ಬಂದರು. ಬಸಲಿಂಗನ ಟವೆಲ್ಲಿನ ತುಂಬ ಹನುಮಂತಯ್ಯನ ರಕ್ತ. ಹಿಂದಿನ ದಿನದ ಡೈಲಾಗನ್ನು ಓನರೇ ಪೊಲೀಸರಿಗೆ ಹೇಳಿದ.

ಸ್ಟೇಷನ್ನಿನಲ್ಲಿ ನಮ್ಮಿಬ್ಬರನ್ನು ಅಕ್ಕಪಕ್ಕದ ಕೋಣೆಗಳಲ್ಲಿ ಹಾಕಿದರು. ನಡುವೆ ಬಾಗಿಲಿರಲಿಲ್ಲ, ಚೌಕಟ್ಟು ಮಾತ್ರ. ಬಸಲಿಂಗನ ಬಲಗೈಯನ್ನು ಮೇಜಿನ ಮೇಲೆ ಇಡಿಸಿ, ಒಬ್ಬ ಮೊಣಕೈ ಒತ್ತಿ ಹಿಡಿದ. ಇನ್ನೊಬ್ಬ ಬೆರಳು ಹೋದ ಜಾಗಕ್ಕೇ ಲಾಠಿಯಿಂದ ಬಾರಿಸಿದ. ವಾಸಿಯಾದ ಚರ್ಮ ಟೊಮೆಟೊ ಒಡೆದ ಹಾಗೆ ಒಡೆಯಿತು. ಮಷೀನಿನಲ್ಲಿ ಕೂಗದಿದ್ದವನು ಅಲ್ಲಿ ಕೂಗಿದ. "ಯವ್ವಾ" ಎಂದು ಕೂಗಿದ. ಉಚ್ಚೆ ಹರಿದು ಚೌಕಟ್ಟು ದಾಟಿ ನನ್ನ ಕಾಲಿನವರೆಗೆ ಬಂತು.

ಇನ್ಸ್‌ಪೆಕ್ಟರು ನನ್ನ ಕಡೆ ಬಂದ. ನಾನು ಡೈಲಾಗ್ ಹೊಡೆಯೋಣ ಎಂದುಕೊಂಡೆ. ಬಾಯಿ ತೆರೆದೆ. ಬೂಟು ಬಾಯಿಗೇ ಬಿತ್ತು. ಮುಂದಿನ ಹಲ್ಲೊಂದು ನಾಲಿಗೆಯ ಮೇಲೆ ಕೂತಿತು.

"ನೀನು ಟೀ ಕುಡಿಯಕ್ಕೆ ಹೋಗಿದ್ದೆ. ಅಲ್ವೇನ್ಲಾ?"

"ಹೌದು ಸಾರ್."

"ತಲೆ ತೆಗೀತೀನಿ ಅಂತ ಇವನು ಹೇಳಿದ್ದು ಕೇಳಿಸ್ಕೊಂಡೆ. ಅಲ್ವಾ?"

"ಸಾರ್, ಆ ಡೈಲಾಗ್ ನಂದು ಸಾರ್. ತಮಾಷೆಗೆ..."

ಮತ್ತೆ ಬೂಟು. "ಕೇಳಿಸ್ಕೊಂಡೆ. ಅಷ್ಟೇ."

"ಕೇಳಿಸ್ಕೊಂಡೆ ಸಾರ್."

ಆ ಕೈಯನ್ನು ಎರಡು ಗಂಟೆ ಹೊಡೆಸಿದ ಇನ್ಸ್‌ಪೆಕ್ಟರು ಅದೇ ಸಂಜೆ ಬರೆಸಿದ: ಆರೋಪಿಯು ಬಲಗೈಯಲ್ಲಿ ರಾಡನ್ನು ಹಿಡಿದು ಮೃತನ ತಲೆಗೆ ಮೂರು ಬಾರಿ ಹೊಡೆದಿರುತ್ತಾನೆ. ಬರೆಯುವ ಕಾನ್‌ಸ್ಟೇಬಲ್ ಎಲ್ಲ ಕೇಸಿಗೂ ಹಾಗೆಯೇ ಬರೆಯುತ್ತಿದ್ದನಂತೆ. ಕೈ ಬಲಗೈ, ಏಟು ಮೂರು.

ಕೆಳಗಿನ ಕೋರ್ಟಿನಲ್ಲಿ ನಾನು ಆರನೇ ಸಾಕ್ಷಿ. ಇಸ್ತ್ರಿ ಶರ್ಟು ಹಾಕಿಕೊಂಡು ಹೋಗಿದ್ದೆ. ಸರ್ಕಾರಿ ವಕೀಲರು ಕೇಳಿದರು: "ಈ ಮಾತು ಅಂದಿದ್ದು ನಿಜಾನಾ?" ನಿಜ ಎಂದೆ. ಇನ್ನು ಬಸಲಿಂಗನ ಪರ ವಕೀಲ ಎದ್ದು ನಿಲ್ಲುತ್ತಾನೆ, ನನ್ನನ್ನು ಗದರಿಸುತ್ತಾನೆ, ಕಟಕಟೆ ಗುದ್ದುತ್ತಾನೆ ಎಂದು ಕಾದೆ. ಅವನು ಮೊಬೈಲಿನಿಂದ ತಲೆಯೆತ್ತದೆ, "ನೋ ಕ್ವೆಶ್ಚನ್ಸ್" ಎಂದ. ಹೆಣ ಕೊಯ್ದ ಡಾಕ್ಟರಿಗೂ ಅದನ್ನೇ ಅಂದಿದ್ದನಂತೆ.

ಬಸಲಿಂಗ ಆರೋಪಿಯ ಜಾಗದಲ್ಲಿ ನಿಂತಿದ್ದ. ಜೈಲಿನಲ್ಲಿ ಹೊಸ ಟವೆಲ್ ಸಂಪಾದಿಸಿದ್ದ. ಬಲಗೈ ಅದರ ಒಳಗೆ. "ಏನಾದ್ರೂ ಹೇಳೋದಿದೆಯಾ?" ಎಂದು ಜಡ್ಜು ಕೇಳಿದರು. "ನಾ ಹೊಡದಿಲ್ರಿ" ಎಂದ. ಅಷ್ಟೇ. ಕೈ ತೆಗೆದು ತೋರಿಸಲಿಲ್ಲ. ತೋರಿಸು ಎಂದು ಯಾರೂ ಹೇಳಲಿಲ್ಲ. ಒಂದು ವರ್ಷದಿಂದ ಅವನು ಕಲಿತ ವಿದ್ಯೆ ಒಂದೇ, ಬಚ್ಚಿಡುವುದು. ಕಾಗದಕ್ಕೆ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡು ಕಳಿಸಿದರು. ಸಾಯುವವರೆಗೆ ಜೈಲು.

ಅವನ ತಾಯಿ ಮಲಕವ್ವ ಊರು ಬಿಟ್ಟು ಬಂದಳು. ಮಗನಿದ್ದ ರೂಮಿನಲ್ಲೇ ಇದ್ದುಕೊಂಡು, ಚಿಕ್ಕಬಾಣಾವರದ ಅಪಾರ್ಟ್‌ಮೆಂಟ್ ಕಟ್ಟಡದಲ್ಲಿ ಜಲ್ಲಿ ಹೊತ್ತಳು. ನಾಲ್ಕು ವರ್ಷ ಹೊತ್ತಳು. ಮೇಲಿನ ಕೋರ್ಟಿಗೆ ಅಪೀಲು ಹಾಕಿದ ವಕೀಲರ ಹೆಸರು ಬಾಲಾಜಿ. ಅವರ ಆಫೀಸಿಗೆ ನಾನೇ ಅವಳನ್ನು ಗಾಡಿಯಲ್ಲಿ ಕರೆದುಕೊಂಡು ಹೋಗುತ್ತಿದ್ದೆ. ಹದಿನಾಲ್ಕು ಸಲ ಹೋದೆವು. ಒಳಗೆ ಕುರ್ಚಿ ಇತ್ತು, ಅವಳು ಬಾಗಿಲ ಹತ್ತಿರ ನೆಲದ ಮೇಲೆ ಕೂರುತ್ತಿದ್ದಳು.

"ಸಾಹೇಬ್ರ, ನನ ಮಗಂದು ಬಲಗೈಯಾಗ ಬೆರಳ ಇಲ್ರಿ. ರಾಡ ಹೆಂಗ ಹಿಡೀತಾನ್ರಿ?"

"ಅದೆಲ್ಲ ಫೈಲಲ್ಲಿ ಇರುತ್ತಮ್ಮ."

"ಒಮ್ಮೆ ಜೈಲಿಗಿ ಹೋಗಿ ಅವನ ಕೈ ನೋಡಿ ಬರ್ರಿ."

"ಕೇಸಿನ ನಂಬರ್ ಬರ್ಲಿ ತಾಯಿ, ನೋಡೋಣ."

ನಂಬರ್ ಬರುವ ವಾರ ನಾವಿಬ್ಬರೂ ಜೈಲಿಗೆ ಹೋದೆವು. ಗಾಜಿನ ಆ ಕಡೆ ಬಸಲಿಂಗ. ಎಡಗಣ್ಣು ಊದಿ ಮುಚ್ಚಿತ್ತು. ಒಂದು ಕೈಯಲ್ಲಿ ಪಾತ್ರೆ ಬೇಗ ತೊಳೆಯುವುದಿಲ್ಲ ಎಂದು ಒಳಗಿನವರು ತಟ್ಟೆಯಿಂದ ಹೊಡೆದಿದ್ದರು.

"ವಕೀಲ್ರು ಬಂದಾರೇನ?" ಎಂದು ಕೇಳಿದ.

ಮಲಕವ್ವ ಇಲ್ಲ ಎಂದು ತಲೆ ಅಲ್ಲಾಡಿಸಿದಳು.

ಬಸಲಿಂಗ ಟವೆಲ್ ಕಿತ್ತು ಬಿಸಾಡಿದ. ಅಷ್ಟು ಜನರ ಮಧ್ಯೆ, ಎಲ್ಲರೂ ನೋಡುತ್ತಿರುವಾಗ, ಬೆರಳಿಲ್ಲದ ಬಲಗೈಯನ್ನು ಗಾಜಿಗೆ ಗುದ್ದಿದ. ಮತ್ತೆ ಗುದ್ದಿದ. ಗಾಜು ಅದುರಿತು. "ಇದನ್ನ ನೋಡಂತ ಹೇಳೋ ದೀಪ್ಯಾ! ನಾ ಇನ್ನ ಮುಚ್ಚಂಗಿಲ್ಲ! ಈ ಕೈ ನೋಡಂತ ಹೇಳು!" ಗಾರ್ಡು ಹಿಂದಿನಿಂದ ಕುತ್ತಿಗೆ ಹಿಡಿದು ಎಳೆದ. ಅವನು ಎಳೆಸಿಕೊಳ್ಳುತ್ತಲೇ ಕೈ ಮೇಲೆತ್ತಿ ಹಿಡಿದಿದ್ದ. ಗಾಜಿನ ಮೇಲೆ ರಕ್ತದ ಗುರುತು ಉಳಿಯಿತು. ಗಾರ್ಡು ಬಂದು ಅದೇ ಟವೆಲ್ಲಿನಿಂದ ಒರೆಸಿದ.

ನಂಬರ್ ಬಂತು. ಅಪೀಲಿಗೆ ಆರೋಪಿಯನ್ನು ಕರೆತರುವುದಿಲ್ಲ. ಕಾಗದಗಳು ಮಾತ್ರ ಬರುತ್ತವೆ. ನಾನೂ ಮಲಕವ್ವನೂ ಕೊನೆಯ ಬೆಂಚಿನಲ್ಲಿ ಕೂತೆವು. ಬಾಲಾಜಿ ಸಾರ್ ಬೇರೆ ಕೋರ್ಟಿನಿಂದ ಓಡಿಬಂದರು. ಫೈಲಿಗೆ ಕಟ್ಟಿದ ದಾರವನ್ನು ಅಲ್ಲೇ ನಿಂತು ಬಿಚ್ಚಿದರು. ಮಾತೆಲ್ಲ ಇಂಗ್ಲಿಷಿನಲ್ಲಿ. ನನಗೆ ಅರ್ಧ ಅರ್ಥವಾಗುತ್ತದೆ.

ಹಿರಿಯ ಜಡ್ಜು ಒಂದು ಸಾಲು ಮಾತ್ರ ಕನ್ನಡದಲ್ಲಿ ಓದಿದರು. ನನ್ನ ನಾಲ್ಕು ಬೆರಳಿಗೆ ನಿನ್ನ ಒಂದು ತಲೆ ಸಾಕು. ಅವರ ಬಾಯಲ್ಲಿ ಆ ಸಾಲಿಗೆ ಏರಿಳಿತವೇ ಇರಲಿಲ್ಲ. ಯಾರೂ ನಗಲಿಲ್ಲ. ನನ್ನ ಡೈಲಾಗು ಅಷ್ಟು ದೊಡ್ಡ ಹಾಲಿನಲ್ಲಿ ಕೇಳಿಸಿದ್ದು ಅದೇ ಮೊದಲು.

ಕಿರಿಯ ಜಡ್ಜು ಪುಟ ತಿರುಗಿಸುತ್ತಿದ್ದವರು ನಿಲ್ಲಿಸಿದರು. ಬೆರಳು ಹೋದ ಸಿಟ್ಟಿಗೆ ಕೊಂದ ಎನ್ನುತ್ತಾರೆ ಸರ್ಕಾರದವರು. ಬಲಗೈಯಲ್ಲಿ ರಾಡು ಹಿಡಿದ ಎನ್ನುತ್ತಾರೆ. ಬೆರಳು ಹೋಗಿದ್ದು ಯಾವ ಕೈ?

"ವಿಚ್ ಹ್ಯಾಂಡ್, ಕೌನ್ಸೆಲ್?"

ಐದು ವರ್ಷದಲ್ಲಿ ಮೊದಲ ಸಲ ಒಬ್ಬರು ಕೇಳಿದರು. ಬಾಲಾಜಿ ಸಾರ್ ಪುಟ ಹಿಂದೆ ತಿರುಗಿಸಿದರು. ಮುಂದೆ ತಿರುಗಿಸಿದರು. ಜೂನಿಯರ್ ಹುಡುಗಿಯ ಮುಖ ನೋಡಿದರು. ಅವಳು ನೆಲ ನೋಡಿದಳು.

"ಲೆಫ್ಟ್, ಮೈ ಲಾರ್ಡ್. ಐ ಥಿಂಕ್ ಲೆಫ್ಟ್."

ಮಲಕವ್ವ ನನ್ನ ತೋಳು ಚಿವುಟಿದಳು. "ಏನಂದ್ರೋ?"

"ಯಾವ ಕೈ ಅಂತ ಕೇಳಿದ್ರು. ಎಡಗೈ ಅಂದ್ರು."

ಅವಳು ಬೆಂಚಿನ ಮೇಲೆ ಹತ್ತಿ ನಿಂತಳು. "ಬಲಗೈರೀ! ಬಲಗೈ! ಸುಳ್ಳ ಹೇಳ್ಯಾನ್ರಿ ಇಂವ! ನನ ಮಗನ್ನ ಕರಸ್ರಿ, ಕೈ ನೋಡ್ರಿ!" ಇಬ್ಬರು ಮಹಿಳಾ ಪೊಲೀಸರು ಅವಳ ಸೊಂಟ ಹಿಡಿದು ಕೆಳಗೆ ಎಳೆದರು. ಮೊಣಕಾಲು ಬೆಂಚಿಗೆ ಬಡಿದು ಚರ್ಮ ಸುಲಿಯಿತು. ಬಾಯಿಗೆ ಕೈ ಒತ್ತಿದರು. ಅವಳು ಆ ಕೈಯನ್ನು ಕಚ್ಚಿದಳು. ಬಾಗಿಲಿನ ಆಚೆ ದೂಡಿದರು.

ಜಡ್ಜು ಕೇಳಿದರು, ಬಲಗೈ ಎಂದು ದಾಖಲೆ ಏನಾದರೂ ಇದೆಯಾ? ಬಾಲಾಜಿ ಸಾರ್ ಕೈ ಮುಗಿದ ಹಾಗೆ ಮಾಡಿ, ದಾಖಲೆ ಇಲ್ಲ, ಆಕೆ ತಾಯಿ, ಸಂಕಟದಲ್ಲಿದ್ದಾರೆ ಎಂದರು. ಆಮೇಲೆ, ನನ್ನ ಕಕ್ಷಿದಾರ ಸಿಟ್ಟಿನ ಭರದಲ್ಲಿ ಹೊಡೆದುಬಿಟ್ಟಿದ್ದಾನೆ, ಬಡವ, ಶಿಕ್ಷೆ ಕಡಿಮೆ ಮಾಡಬೇಕು ಎಂದರು. ಹೊಡೆದಿದ್ದಾನೆ ಎಂದರು. ಬಸಲಿಂಗನನ್ನು ಒಂದು ಸಲವೂ ನೋಡದ ಮನುಷ್ಯ, ಬಸಲಿಂಗನ ಪರವಾಗಿ, ಲಾಠಿಗೂ ಒಪ್ಪದಿದ್ದದ್ದನ್ನು ಒಪ್ಪಿಕೊಂಡುಬಿಟ್ಟ. ಹನ್ನೊಂದು ನಿಮಿಷ. ಅಪೀಲು ವಜಾ.

ಈಗ ಏಟು ಬೀಳಬೇಕು. ಬೀಳಲಿಲ್ಲ. ಚಪ್ಪಾಳೆಗೆ ಎತ್ತಿದ ಕೈ ಇಳಿಸಿ.

ನಾನು ಬೆಂಚಿನಿಂದ ಎದ್ದಿದ್ದು ಎಲ್ಲ ಮುಗಿದ ಮೇಲೆ. ಬಾಲಾಜಿ ಸಾರ್ ಹೊರಗೆ ಬರುತ್ತಾ ನನ್ನನ್ನು ನೋಡಿ, "ಏಯ್, ನೀನು ಆ ಅಮ್ಮನ ಕಡೆಯವನಲ್ವಾ? ಈ ಬ್ಯಾಗ್ ಹಿಡ್ಕೊ, ಕಾರ್ ತನಕ" ಎಂದರು. ಹಿಡಿದುಕೊಂಡೆ. ಎರಡು ಮಹಡಿ ಇಳಿದೆ. ಭಾರವಿತ್ತು. ನಡುವೆ ಒಂದು ಸಲ ಕೈ ಬದಲಾಯಿಸಿದೆ, ಸಾರಿ ಸಾರ್ ಎಂದೆ.

ಮಲಕವ್ವ ಕಾರಿನ ಮುಂದೆ ನಿಂತಿದ್ದಳು. ಸೀರೆ ಹರಿದಿತ್ತು. ಬಾಲಾಜಿ ಸಾರ್ ಒಂದು ಕಾಗದ ಬಾನೆಟ್ಟಿನ ಮೇಲಿಟ್ಟು, "ದಿಲ್ಲಿ ಕೋರ್ಟಿಗೆ ಹಾಕೋಣ ತಾಯಿ, ನಮ್ಮವರಿದ್ದಾರೆ. ಇಲ್ಲೊಂದು ಹೆಬ್ಬೆಟ್ಟು" ಎಂದರು.

"ಒತ್ತಂಗಿಲ್ಲ."

"ನಿಮ್ಮ ಮಗನ ಒಳ್ಳೇದಕ್ಕೇ ಅಮ್ಮ."

"ನನ ಮಗನ್ನ ಕೊಲಿಗಾರ ಮಾಡಿದ್ದು ಜಡ್ಜ್ ಸಾಹೇಬ್ರಲ್ಲ. ನೀ. ನಿನ್ನ ಬಾಯಿ. ನನ ಕಾಗದ ನನಗ ಕೊಡು." ಅವಳು ನನ್ನ ಕೈಯಿಂದ ಬ್ಯಾಗನ್ನು ಕಿತ್ತುಕೊಂಡು ನೆಲದ ಮೇಲೆ ಸುರಿದಳು. ಓದು ಬಾರದವಳು ಮಂಡಿಯೂರಿ ಮಗನ ಫೈಲು ಹುಡುಕತೊಡಗಿದಳು. ಡ್ರೈವರು ಅವಳ ಬೆನ್ನಿಗೆ ಒದ್ದ.

ಆಗ ನನ್ನ ಬಾಯಿಂದ ಅದು ಬಂತು. ಡೈಲಾಗಿನ ಹಾಗೆ ಬರಲಿಲ್ಲ. "ಚೈನ್ ಕಡೀತು ಸಾರ್. ಡೈ ಬಿತ್ತು. ಯಾರೂ ಹೊಡೀಲಿಲ್ಲ. ನಾನ್ ಅಲ್ಲೇ ಇದ್ದೆ ಸಾರ್."

ಬಾಲಾಜಿ ಸಾರ್ ನನ್ನನ್ನು ದಿಟ್ಟಿಸಿ ನೋಡಿದರು. "ಐದ್ ವರ್ಷ ಯಾಕೋ ಹೇಳ್ಲಿಲ್ಲ?"

"ಯಾರೂ ಕೇಳ್ಲಿಲ್ಲ ಸಾರ್."

ಹಿಂದೆ ಕಾಗದದ ಸದ್ದು ನಿಂತಿತು. ಮಲಕವ್ವ ಎದ್ದು ಬಂದಳು. "ನಾ ಕೇಳಿದ್ನಲ್ಲೋ" ಎಂದಳು.

ಆಮೇಲೆ ಹೊಡೆದಳು. ಜಲ್ಲಿ ಹೊತ್ತ ಕೈ. ಮೊದಲ ಏಟಿಗೆ ಕಿವಿ ಗುಂಯ್ ಎಂದಿತು. ಎರಡನೆಯದಕ್ಕೆ ಕೂತೆ. ಚಪ್ಪಲಿ ತೆಗೆದು ತಲೆಗೆ, ಮುಖಕ್ಕೆ, ಬಾಯಿಗೆ ಹೊಡೆದಳು. ವಕೀಲರೂ ಡ್ರೈವರೂ ನೋಡುತ್ತ ನಿಂತರು. ಯಾರೂ ಬಿಡಿಸಲಿಲ್ಲ. ನಾನೂ ಕೈ ಅಡ್ಡ ಹಿಡಿಯಲಿಲ್ಲ.

ಆ ಮಧ್ಯಾಹ್ನ ಉಳಿದವರು ಟೀ ಕುಡಿಯಲು ಹೋಗಿದ್ದರು, ನಾನು ಆರು ಅಡಿ ದೂರದಲ್ಲಿದ್ದೆ. ಹನುಮಂತಯ್ಯ ಬಗ್ಗಿ ಪ್ರೆಸ್ಸಿನ ಹಲಗೆ ಒರೆಸುತ್ತಿದ್ದ. ಮೇಲೆ ನೇತಾಡುತ್ತಿದ್ದ ಡೈ ಅವನ ತಲೆಯ ಮೇಲೆ ಬಿತ್ತು. ಕಡಿದ ಕೊಂಡಿ ನನ್ನ ಕಾಲಿನ ಹತ್ತಿರ ಉರುಳಿಬಂತು. ಬಸಲಿಂಗ ಬಾಗಿಲಲ್ಲಿ ಗುಡಿಸುತ್ತಿದ್ದ. ಓಡಿಬಂದು, ಟವೆಲ್ಲನ್ನು ಕೈಯಿಂದ ಬಿಚ್ಚಿ, ಒಡೆದ ತಲೆಗೆ ಒತ್ತಿ ಹಿಡಿದ. "ದೀಪ್ಯಾ, ಹಿಡಿಯೋ, ನನಗ ಬಿಗಿಯಾಗಿ ಹಿಡ್ಯಾಕ ಬರವಲ್ದು" ಎಂದು ಕೂಗಿದ. ನಾನು ಹಿಡಿಯಲಿಲ್ಲ. ಓಡಿದೆ. ಓನರನ್ನು ಕರೆದೆ.

ಮಲಕವ್ವ ಊರಿನಿಂದ ಬಂದ ಮೊದಲ ವಾರ ರೊಟ್ಟಿ ಬಡಿದು ನನಗೆ ಬಡಿಸಿದ್ದಳು. ನಾನು ತಿನ್ನುತ್ತಿದ್ದಾಗ ಎದುರು ಕೂತು ಕೇಳಿದ್ದಳು, "ಯಪ್ಪಾ, ಅವತ್ತ ನೀ ಅಲ್ಲೇ ಇದ್ದೇನ?"

"ಇಲ್ಲಮ್ಮ, ಟೀ ಕುಡಿಯಕ್ಕೆ ಹೋಗಿದ್ದೆ" ಎಂದಿದ್ದೆ. ಅವಳು ಇನ್ನೊಂದು ರೊಟ್ಟಿ ಹಾಕಿದ್ದಳು. ಅದನ್ನೂ ತಿಂದೆ.